ಆರೋಪಿಗೆ ಚಿಕ್ಕ ಮಕ್ಕಳಿದ್ದಾರೆ

ಕೋರ್ಟಿನ ನೌಕರಿಗೆ ಹೊಸದಾಗಿ ಸೇರಿದ ಇಬ್ಬರು ಕಳೆದ ತಿಂಗಳು ಮನೆಗೆ ಬಂದಿದ್ದರು. ಯಾವ ಟೇಬಲ್ಲಿನಲ್ಲಿ ಕೆಲಸ ಕಡಿಮೆ, ಯಾವ ಸಾಹೇಬರು ಸಿಟ್ಟಿನವರು, ಬಡ್ತಿಗೆ ಎಷ್ಟು ವರ್ಷ ಕಾಯಬೇಕು ಎಂದು ಕೇಳಿದರು. ಮೂವತ್ತನಾಲ್ಕು ವರ್ಷ ಆ ಧೂಳು ತಿಂದವನು ನಾನು. ಈ ಪ್ರಶ್ನೆಗಳಿಗೆಲ್ಲ ಉತ್ತರ ಗೊತ್ತು, ಹೇಳುವ ಹುರುಪು ಉಳಿದಿಲ್ಲ. ಚಹಾ ಕುಡಿಸಿ ಕಳಿಸಿದೆ. ಅವರು ಹೋದ ಮೇಲೆ ಮನಸ್ಸಿಗೆ ಸಮಾಧಾನವಾಗಲಿಲ್ಲ. ಹೇಳಬೇಕಾದದ್ದು ಒಂದಿತ್ತು, ಅದನ್ನು ಅಂಥ ಹೊಸಬರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಅಡ್ಡಹೆಸರು ಗಲಗಲಿ. ಅಪ್ಪ ವಿಜಯಪುರದ ಕಡೆಯಿಂದ ಬಂದು ಪುಣೆ ಕ್ಯಾಂಪಿನ ಒಂದು ಬಟ್ಟೆ ಅಂಗಡಿಯಲ್ಲಿ ಗುಮಾಸ್ತನಾದರು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ. ಹೀಗೆ ಎರಡೂ ಭಾಷೆ ಬಾಯಲ್ಲಿದ್ದದ್ದು ಮುಂದೆ ನನಗೆ ಹೆಮ್ಮೆಯ ವಿಷಯವಾಯಿತು, ಆಮೇಲೆ ನಾಚಿಕೆಯದೂ ಆಯಿತು.

ಅದೇ ಪುಣೆಯ ಕೋರ್ಟಿನಲ್ಲಿ ನಾನು ಬಹುಕಾಲ ಮಾಡಿದ್ದು ಬೆಂಚ್ ಕ್ಲರ್ಕ್ ಕೆಲಸ. ನ್ಯಾಯಾಧೀಶರ ಕುರ್ಚಿಯ ಕೆಳಗೆ ಒಂದು ಮೇಜು ಇರುತ್ತದೆ, ಅಲ್ಲಿ ಕೂತು ಕೇಸು ಕೂಗಿಸಬೇಕು, ಕಾಗದ ಮೇಲೆ ಕೊಡಬೇಕು, ಕೆಳಗೆ ಇಳಿಸಿಕೊಳ್ಳಬೇಕು, ಆ ದಿನ ಏನಾಯಿತೆಂದು ರೋಜನಾಮೆಯಲ್ಲಿ ಎರಡು ಸಾಲು ಬರೆಯಬೇಕು. ವಕೀಲರ ವಾದ ಯಾರಿಗೂ ನೆನಪಿರುವುದಿಲ್ಲ. ಹತ್ತು ವರ್ಷದ ಮೇಲೆ ಹುಡುಕಿದರೆ ಸಿಗುವುದು ಆ ಎರಡು ಸಾಲೇ.

ನನಗೆ ಕೆಲಸ ಕಲಿಸಿದವರು ಶಿರಸ್ತೇದಾರ ಪಾಠಕ್. ತೆಳ್ಳಗಿನ ಮನುಷ್ಯ, ಬೆರಳ ತುದಿಯಲ್ಲಿ ಸದಾ ನಶ್ಯ, ಎಲ್ಲದಕ್ಕೂ ಅವರ ಹತ್ತಿರ ಒಂದು ಅಚ್ಚು ತಯಾರಿರುತ್ತಿತ್ತು. ಆರೋಪಿ ತಪ್ಪಿತಸ್ಥ ಎಂದು ತೀರ್ಪಾದ ಮೇಲೆ ಶಿಕ್ಷೆ ಕೊಡುವ ಮೊದಲು ನ್ಯಾಯಾಧೀಶರು ಅವನನ್ನು ಒಂದು ಮಾತು ಕೇಳಬೇಕು: "ಶಿಕ್ಷೆಯ ಬಗ್ಗೆ ಏನಾದರೂ ಹೇಳುವುದಿದೆಯೇ?" ಕಾನೂನಿನಲ್ಲಿ ಹಾಗೆ ಬರೆದಿದೆ. ಅವನು ಏನು ಹೇಳಿದನೆಂದು ದಾಖಲೆಯಲ್ಲಿ ಇರಬೇಕು. ಪಾಠಕರು ಮೊದಲ ವಾರವೇ ನನಗೊಂದು ಸೈಕ್ಲೋಸ್ಟೈಲ್ ಹಾಳೆ ಕೊಟ್ಟರು. ಅದರಲ್ಲಿ ಉತ್ತರವೂ ಅಚ್ಚಾಗಿತ್ತು: ಆರೋಪಿ ಬಡವನಿದ್ದು, ಅವನಿಗೆ ಚಿಕ್ಕ ಮಕ್ಕಳಿದ್ದಾರೆ, ವಯಸ್ಸಾದ ತಂದೆ ತಾಯಿ ಇದ್ದಾರೆ, ಆದ್ದರಿಂದ ದಯೆ ತೋರಿಸಬೇಕೆಂದು ಪ್ರಾರ್ಥಿಸಿದನು.

"ಅವನು ಬೇರೆ ಏನಾದರೂ ಹೇಳಿದರೆ?" ಎಂದು ಕೇಳಿದೆ.

ಪಾಠಕರು ನಶ್ಯ ಏರಿಸಿ, ಕಣ್ಣೊರೆಸಿಕೊಂಡು, ಮರಾಠಿಯಲ್ಲಿ ಅಂದರು: "ಹೇಳಲಿ ಬಿಡಪ್ಪ. ಎಲ್ಲರೂ ಕೊನೆಗೆ ಅದನ್ನೇ ಅಲ್ಲವೇ ಹೇಳೋದು?"

ನಿಜ ಹೇಳಬೇಕೆಂದರೆ ಯಾರೂ ಅದನ್ನು ಹೇಳುತ್ತಿರಲಿಲ್ಲ. ಒಬ್ಬ ಅಳುತ್ತಿದ್ದ, ಒಬ್ಬ ಸಾಕ್ಷಿಯನ್ನು ಬೈಯುತ್ತಿದ್ದ. ಒಬ್ಬ ಕಿಸೆಗಳ್ಳ "ಸಾಹೇಬ್, ಚಳಿಗಾಲ ಕಳೆಯೋವರೆಗೆ ಇಡಿ, ಆಮೇಲೆ ನೋಡೋಣ" ಅಂದಾಗ ಕೋರ್ಟೇ ನಕ್ಕಿತ್ತು. ಅವನದೂ ಅದೇ ಸಾಲು ಹೋಯಿತು. ಎಪ್ಪತ್ತು ದಾಟಿದ ಒಬ್ಬ ಬ್ರಹ್ಮಚಾರಿ ಮುದುಕನಿಗೂ ಚಿಕ್ಕ ಮಕ್ಕಳು, ವಯಸ್ಸಾದ ತಂದೆ ತಾಯಿ ಹತ್ತಿದರು. ಊಟದ ಹೊತ್ತಿಗೆ ಅದನ್ನು ಪಾಠಕರಿಗೆ ತೋರಿಸಿದೆ. ಇಬ್ಬರೂ ಹೊಟ್ಟೆ ಹಿಡಿದು ನಕ್ಕೆವು. ಮುದುಕ ಆಗಲೇ ವ್ಯಾನಿನಲ್ಲಿ ಕೂತು ಜೈಲಿನ ದಾರಿ ಹಿಡಿದಿದ್ದ.

ನನ್ನ ತಪ್ಪುಗಳ ಪಟ್ಟಿ ದೊಡ್ಡದಿದೆ. ಜೇಜುರಿಯ ದಾರಿಯಲ್ಲಿ ನಡೆದ ಒಂದು ಲೂಟಿ ಕೇಸಿನಲ್ಲಿ ಪೊಲೀಸರು ಅಲ್ಲಿಯ ದೇವರು ಖಂಡೋಬಾನ ಭಂಡಾರದ ಅರಿಸಿನ ಚೀಲವನ್ನೂ ಕದ್ದ ಮಾಲು ಎಂದು ಜಪ್ತಿ ಮಾಡಿ ತಂದಿದ್ದರು. ಅದನ್ನು ನಾನು ಕಪಾಟಿನ ಮೇಲಿನ ಹಲಗೆಯಲ್ಲಿ ಇಡಿಸಿದೆ. ಇಲಿ ತನ್ನ ಕೆಲಸ ಮಾಡಿತು. ಒಂದು ಬೆಳಿಗ್ಗೆ ಬಾಗಿಲು ತೆಗೆದರೆ ಫೈಲು, ಕುರ್ಚಿ, ಸಾಹೇಬರ ಬಿಳಿ ಕೊರಳಪಟ್ಟಿ ಎಲ್ಲ ಹಳದಿ. ಸಾಹೇಬರು ಕರೆಸಿದಾಗ ಕೆಲಸ ಹೋಯಿತೆಂದೇ ತಿಳಿದೆ. ಅವರು ಕೊರಳಪಟ್ಟಿ ಎತ್ತಿ ಹಿಡಿದು, "ಗಲಗಲಿ, ಖಂಡೋಬಾ ಮೆಚ್ಚಿದ ಹಾಗಿದೆ" ಎಂದಷ್ಟೇ ಹೇಳಿ ಕಳಿಸಿದರು. ಇಂಥ ತಪ್ಪು ಕಣ್ಣಿಗೆ ಕಾಣುತ್ತದೆ, ಒರೆಸಿದರೆ ಹೋಗುತ್ತದೆ. ಇದನ್ನು ಹೇಳಿಕೊಂಡು ನಾನು ಎಷ್ಟೋ ಮದುವೆ ಊಟಗಳಲ್ಲಿ ಜನರನ್ನು ನಗಿಸಿದ್ದೇನೆ.

ಸೈಕ್ಲೋಸ್ಟೈಲ್ ಹೋಗಿ ಟೈಪ್‌ರೈಟರ್ ಬಂತು, ಅದೂ ಹೋಗಿ ಕಂಪ್ಯೂಟರ್ ಬಂತು. ಪಾಠಕರು ನಿವೃತ್ತರಾದರು, ತೀರಿಕೊಂಡರು. ಅವರ ಸಾಲು ಮಾತ್ರ ಯಂತ್ರದಿಂದ ಯಂತ್ರಕ್ಕೆ ಸಾಗಿ ಬಂತು. ಮೊದಲು ಟೈಪ್ ಹೊಡೆಯುವಾಗಲಾದರೂ ಬೇಸರಕ್ಕೆ ಒಂದೆರಡು ಶಬ್ದ ಬದಲಾಗುತ್ತಿದ್ದವು. ಕಂಪ್ಯೂಟರಿನಲ್ಲಿ ಹೆಸರು ಮಾತ್ರ ಬದಲಿಸಿದರೆ ಸಾಕು. ಇಷ್ಟು ವರ್ಷದಲ್ಲಿ ಯಾವ ಸಾಹೇಬರೂ, ಯಾವ ವಕೀಲರೂ ಅದನ್ನು ಓದಿ ಏನಿದು ಎಂದು ಕೇಳಿರಲಿಲ್ಲ.

ಇನ್ನು ನಿಂಗಮ್ಮನ ಕೇಸಿಗೆ ಬರುತ್ತೇನೆ.

ಪುಣೆಯ ಅಂಚಿಗೆ, ಹಡಪಸರದ ಆಚೆ ಒಂದು ದೊಡ್ಡ ಕಟ್ಟಡದ ಕೆಲಸ ನಡೆದಿತ್ತು. ಯಾದಗಿರಿ ಕಡೆಯ ಕೂಲಿಗಳು ತಗಡಿನ ಶೆಡ್ಡುಗಳಲ್ಲಿ ಇದ್ದರು. ಬೇಸಿಗೆಯ ಒಂದು ಸಂಜೆ ಟ್ಯಾಂಕರ್ ನೀರಿಗಾಗಿ ಜಗಳ ಹತ್ತಿತು. ಬಸಪ್ಪ ಎಂಬ ಕೂಲಿ ಸಲಿಕೆ ಎತ್ತಿ ಮುಕಾದಮನ ತಲೆಗೆ ಹೊಡೆದ. ಮುಕಾದಮನೆಂದರೆ ಕೂಲಿಗಳ ಮೇಲಿನ ಮೇಸ್ತ್ರಿ. ಅವನನ್ನು ಟೆಂಪೋದಲ್ಲಿ ಆಸ್ಪತ್ರೆಗೆ ಒಯ್ದರು, ಬೆಳಗಾಗುವ ಮೊದಲು ತೀರಿಕೊಂಡ. ಪೊಲೀಸರು ಬಂದಾಗ ಶೆಡ್ಡಿನ ಮುಂದಿನ ನೆಲ ತೊಳೆದಿತ್ತು, ಸಲಿಕೆ ತೊಳೆದು ಗೋಡೆಗೆ ಒರಗಿಸಿತ್ತು. ತೊಳೆದವಳು ಬಸಪ್ಪನ ಅತ್ತಿಗೆ, ವಿಧವೆ ನಿಂಗಮ್ಮ. ಇಬ್ಬರೂ ಸೇರಿ ಕೊಲೆ ಮಾಡಿದರು, ಆಕೆ ಸಾಕ್ಷ್ಯ ನಾಶ ಮಾಡಿದಳು ಎಂದು ಕೇಸಾಯಿತು.

ಇಬ್ಬರಿಗೂ ಸರ್ಕಾರ ಕೊಟ್ಟ ವಕೀಲ ಒಬ್ಬನೇ, ಮರಾಠಿಯವ. ಏನು ಕೇಳಿದರೂ "ಗೊತ್ತಿಲ್ಲ, ಸುಳ್ಳು" ಅನ್ನಬೇಕು ಎಂದು ಕಲಿಸಿಬಿಟ್ಟಿದ್ದ. ಕನ್ನಡದ ದುಭಾಷಿ ಎಂದು ಪಟ್ಟಿಯಲ್ಲಿದ್ದವರು ಸತ್ತು ಎಷ್ಟೋ ಕಾಲವಾಗಿತ್ತು, ಆ ಜಾಗ ತುಂಬಿರಲಿಲ್ಲ. "ಗಲಗಲಿಗೆ ಕಾನಡಿ ಬರುತ್ತಲ್ಲ" ಎಂದು ಸಾಹೇಬರು ನನಗೇ ಹೇಳಿದರು. ವಿಚಾರಣೆಯುದ್ದಕ್ಕೂ ಆಕೆ ಗೊತ್ತಿಲ್ಲ, ಸುಳ್ಳು ಅಂದಳು, ನಾನು ಅದನ್ನೇ ಮರಾಠಿಯಲ್ಲಿ ಹೇಳಿದೆ. ಸುಲಭದ ಕೆಲಸ.

ಇಬ್ಬರೂ ತಪ್ಪಿತಸ್ಥರು ಎಂದು ತೀರ್ಪು ಬಂದದ್ದು ಮಧ್ಯಾಹ್ನಕ್ಕೆ ಮೊದಲು. ಸಾಹೇಬರಿಗೆ ವರ್ಗಾವಣೆಯಾಗಿತ್ತು, ಮರುದಿನ ಚಾರ್ಜ್ ಬಿಡಬೇಕು. ಸ್ಟೆನೋ ಬೆರಳು ಕೀಲಿಮಣೆಯ ಮೇಲಿಟ್ಟು ಕಾಯುತ್ತಿದ್ದ. ಊಟವಾದ ಮೇಲೆ ಶಿಕ್ಷೆಯ ಬಗ್ಗೆ ಕೇಳಲು ಇಬ್ಬರನ್ನೂ ನಿಲ್ಲಿಸಿದರು. ಬಸಪ್ಪ ಕಟಕಟೆಯ ಸರಳು ಹಿಡಿದು "ತಪ್ಪಾತ್ರಿ" ಎಂದು ಅತ್ತ. ಅವನಿಗೆ ಊರಲ್ಲಿ ನಿಜಕ್ಕೂ ಎರಡು ಮಕ್ಕಳಿದ್ದವು. ಸಾಲು ಸರಿಹೊಂದಿತು.

ಆಮೇಲೆ ನಿಂಗಮ್ಮನಿಗೆ ಕೇಳಿದೆ: "ಶಿಕ್ಷಾದ ಬಗ್ಗೆ ಏನರ ಹೇಳೋದದ ಏನವಾ?"

ಗೊತ್ತಿಲ್ಲ, ಸುಳ್ಳು ಎನ್ನುವ ಪಾಠಕ್ಕೆ ಈ ಪ್ರಶ್ನೆ ಸೇರಿರಲಿಲ್ಲ. ಆಕೆ ನನ್ನನ್ನೇ ನೋಡಿ ಮಾತಾಡತೊಡಗಿದಳು.

"ಯಪ್ಪಾ, ನಾ ಏನೂ ಮುಚ್ಚಿಲ್ರಿ. ದಿನಾ ಸಂಜಿಕಿ ಸಲಿಕಿ, ಪುಟ್ಟಿ, ಥಾಪಿ ಎಲ್ಲಾ ನಾನ ತೊಳಿತಿದ್ದೆ. ತೊಳೀಲಿಲ್ಲಂದ್ರ ಸಿಮೆಂಟ್ ಹತ್ತಿ ಕಲ್ಲ ಆಗ್ತದರಿ. ಒಂದ ಸಲಿಕಿ ಹೊಲಸ ಉಳದ್ರ ಆ ಮುಕಾದಮನೇ ಬೈತಿದ್ದ. ಅವತ್ತೂ ತೊಳದೆ. ಅವನ್ನ ದವಾಖಾನಿಗಿ ಒಯ್ದಿದ್ರು, ಸಾಯ್ತಾನಂತ ನನಗೇನ್ ಗೊತ್ರಿ? ರಕ್ತ ಬಿದ್ದಲ್ಲೇ ಮಂದಿ ತುಳಕೋತ ಅಡ್ಡಾಡ್ಲಾಕತ್ತಿದ್ರು. ಮನಷ್ಯಾಂದು ರಕ್ತ ತುಳೀಬಾರದ್ರಿ. ಕುಡಿಲಾಕ ಅಂತ ಎರಡ ಕೊಡ ನೀರ ಇಟ್ಟಿದ್ದೆ. ಅದನ್ನ ಸುರುವಿ ತೊಳದೆ. ನೀರಿನ ಸಲವಾಗೇ ಜಗಳಾಗಿತ್ತು, ಆ ನೀರಽ ಹೋಯ್ತು."

ಸಾಹೇಬರು ಗಡಿಯಾರ ನೋಡಿದರು. "ಕಾಯ ಮ್ಹಣತೇ?" ಅಂದರು. ಏನಂತಾಳೆ?

ನಾನು ಮರಾಠಿಯಲ್ಲಿ ಹೇಳಿದ್ದು ಇಷ್ಟು: "ಬಡವಳು ಸಾಹೇಬ್. ಚಿಕ್ಕ ಮಕ್ಕಳಿದ್ದಾರೆ. ದಯೆ ತೋರಿಸಬೇಕು ಅಂತಾಳೆ."

ಸ್ಟೆನೋ ಬಸಪ್ಪನ ಸಾಲನ್ನೇ ಎತ್ತಿ ಹೆಸರು ಬದಲಿಸಿದ. ಇಬ್ಬರಿಗೂ ಕೊಲೆಗೆ ಜೀವಾವಧಿ. ಸಾಕ್ಷ್ಯ ನಾಶಕ್ಕೆ ನಿಂಗಮ್ಮನಿಗೆ ಏಳು ವರ್ಷ, ಕಾನೂನಿನಲ್ಲಿ ಅದಕ್ಕಿರುವ ಪೂರ್ತಿ ಶಿಕ್ಷೆ. ಆಕೆ ಇಷ್ಟು ಮಾತಾಡಿದ್ದಕ್ಕೆ ಏನೋ ಆಗುತ್ತದೆ ಎಂಬಂತೆ ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಮುಂದಿನ ಫೈಲು ಎತ್ತಿಕೊಂಡೆ.

ಇಲ್ಲಿ ಒಂದು ಸಂಗತಿ ಹೇಳದಿದ್ದರೆ ಈ ಬರಹಕ್ಕೆ ಬೆಲೆಯಿಲ್ಲ. ಅವಳ ಮಾತು ನನಗೆ ತಿಳಿಯಲಿಲ್ಲ ಎಂದಲ್ಲ, ಮರೆತೆ ಎಂದೂ ಅಲ್ಲ. ಅದೇ ಸಂಜೆ ಮನೆಗೆ ಹೋಗಿ ಚಹಾ ಕುಡಿಯುತ್ತ ಹೆಂಡತಿ ಸುಮಿತ್ರಾಗೆ ಪೂರ್ತಿ ಹೇಳಿದೆ. ಸಲಿಕೆ, ಎರಡು ಕೊಡ ನೀರು, ತುಳಿಯಬಾರದ ರಕ್ತ, ಒಂದೂ ಬಿಡದೆ.

ಸುಮಿತ್ರಾ ಕಪ್ಪು ಕೆಳಗಿಟ್ಟಳು. "ಅಯ್ಯ, ಪಾಪ ಅಂದ್ರ. ಇದನ್ನ ಜಡ್ಜ್ ಸಾಹೇಬ್ರಿಗೆ ಹೇಳಿದ್ರಿಲ್ಲೋ?"

"ತೀರ್ಪ ಆಗಿಬಿಟ್ಟಿತ್ತು ತಗೋ. ಅದನ್ನ ಕೇಳ್ಕೋತ ಯಾರ್ ಕೂಡ್ತಾರ?"

ಅವಳು ಕಪ್ಪು ಎತ್ತಿಕೊಂಡು ಒಳಗೆ ಹೋದಳು. ನಾನು ಪೇಪರ್ ಓದತೊಡಗಿದೆ.

ಮೇಲ್ಮನವಿ ತೀರ್ಮಾನವಾಗುವ ಹೊತ್ತಿಗೆ ಆಕೆ ಜೈಲು ಸೇರಿ ನಾಲ್ಕೂವರೆ ವರ್ಷವಾಗಿತ್ತು. ನಡುವೆ ಜಾಮೀನಿಗೆ ಅರ್ಜಿ ಹಾಕಿದ್ದರು, ಸಿಕ್ಕಿರಲಿಲ್ಲ. ಹೈಕೋರ್ಟಿನ ಆದೇಶದ ಪ್ರತಿ ನನ್ನ ಮೇಜಿಗೇ ಬಂತು. ಬಸಪ್ಪನ ಶಿಕ್ಷೆ ಉಳಿದಿತ್ತು. ನಿಂಗಮ್ಮ ಅಲ್ಲಿ ನಿಂತಿದ್ದಳು ಎಂದ ಮಾತ್ರಕ್ಕೆ ಕೊಲೆಯಲ್ಲಿ ಪಾಲು ಹಚ್ಚಲಾಗದು ಎಂದು ಆ ಭಾಗವನ್ನು ರದ್ದು ಮಾಡಿದ್ದರು. ತೊಳೆದದ್ದು ಮಾತ್ರ ಸಾಬೀತಾಗಿದೆ, ಬೇರೆ ಕಾರಣವಿತ್ತೆಂದು ಆಕೆ ಎಲ್ಲೂ ಹೇಳಿಲ್ಲ, ಆದ್ದರಿಂದ ಸಾಕ್ಷ್ಯ ನಾಶದ ಅಪರಾಧ ಉಳಿಯುತ್ತದೆ ಎಂದಿತ್ತು. ಎಲ್ಲೂ ಹೇಳಿಲ್ಲ ಎಂಬ ಸಾಲನ್ನು ನಾನು ಮೂರು ಸಲ ಓದಿದೆ.

ಅದರ ಕೆಳಗೆ ಇನ್ನೊಂದು ಪ್ಯಾರಾ. ಶಿಕ್ಷೆಯ ಬಗ್ಗೆ ಆರೋಪಿಯ ಹೇಳಿಕೆ ಎಂದು ಬರೆದದ್ದರಲ್ಲಿ ಚಿಕ್ಕ ಮಕ್ಕಳ ಮಾತಿದೆ, ಜೈಲಿನ ದಾಖಲೆಯ ಪ್ರಕಾರ ಆಕೆಗೆ ಮಕ್ಕಳೇ ಆಗಿಲ್ಲ, ಇಬ್ಬರು ಆರೋಪಿಗಳ ಬಾಯಲ್ಲೂ ಅಕ್ಷರ ತಪ್ಪದೆ ಒಂದೇ ಮಾತಿದೆ, ಇದು ಕೇಳಿ ಬರೆದದ್ದಲ್ಲ. ಹಾಗಾಗಿ ಏಳು ವರ್ಷದ ಶಿಕ್ಷೆಯನ್ನು ಬದಿಗಿಟ್ಟು, ಆಕೆಯನ್ನು ನಿಜವಾಗಿ ಕೇಳಿ, ಉಳಿದ ಅಪರಾಧಕ್ಕೆ ಹೊಸದಾಗಿ ಶಿಕ್ಷೆ ಗೊತ್ತು ಮಾಡಬೇಕು ಎಂದು ಕೇಸನ್ನು ನಮ್ಮ ಕೋರ್ಟಿಗೆ ಮರಳಿಸಿದ್ದರು. ಮೇಲ್ಮನವಿ ನಡೆಸಿದ ವಕೀಲೆ ಅಷ್ಟು ಸಣ್ಣದನ್ನು ಹುಡುಕಿ ತೆಗೆದಿದ್ದಳು. ಪಾಠಕರ ಸಾಲು ಕೊನೆಗೂ ಯಾರದೋ ಕಣ್ಣಿಗೆ ಬಿತ್ತು. ನಾವು ಮೇಲೆ ಕಳಿಸಿದ್ದ ಆ ಹೇಳಿಕೆಯ ಪುಟದ ಅಂಚಿನಲ್ಲಿ ದುಭಾಷಿ ಎಂದು ನನ್ನ ಸಣ್ಣ ಸಹಿ ಇತ್ತು.

ಹೀಗೆ ಅರ್ಧ ರದ್ದಾಗಿ ಮರಳಿ ಬಂದ ಕೇಸು ಎಂದರೆ ಕ್ಲರ್ಕುಗಳಿಗೆ ತಲೆನೋವು. ಅದು ಹೊಸ ಕೇಸಲ್ಲ, ಮುಗಿದ ಕೇಸೂ ಅಲ್ಲ. ಹಳೆಯ ನಂಬರಿನಲ್ಲಿ ಹತ್ತಿಸಬೇಕೋ ಹೊಸ ನಂಬರು ಕೊಡಬೇಕೋ ಎಂದು ಮೂರು ಟೇಬಲ್ ತಿರುಗಿತು. ಈಕೆಯನ್ನು ಶಿಕ್ಷೆಯಾದವಳು ಎನ್ನಬೇಕೋ ವಿಚಾರಣೆಯವಳು ಎನ್ನಬೇಕೋ ಎಂದು ಜೈಲಿನವರು ಪತ್ರ ಬರೆದರು. ಮೇಲಿನಿಂದ ಮೂಲ ಕಾಗದಗಳ ಗಂಟು ಬರಲು ತಡವಾಯಿತು. ಹೀಗೆ ಎರಡು ತಿಂಗಳು ಹೋದವು. ಇವುಗಳಲ್ಲಿ ಯಾವುದೂ ಯಾರದೋ ಕೆಟ್ಟತನದಿಂದ ಆದದ್ದಲ್ಲ, ಎಲ್ಲರೂ ತಮ್ಮ ತಮ್ಮ ರಿಜಿಸ್ಟರಿನ ಕಾಲಂ ನೋಡುತ್ತಿದ್ದರು. ನಿಂಗಮ್ಮ ಒಳಗೆ ಕೂತಿದ್ದಳು. ಹೊಸ ಶಿಕ್ಷೆ ಕಡಿಮೆಯಾದರೆ ಹೊರಗೆ, ಮತ್ತೆ ಏಳೇ ಆದರೆ ಇನ್ನೂ ಎರಡು ವರ್ಷ ಒಳಗೆ.

ವಿಚಾರಣೆಯ ದಿನ ಬೆಳಿಗ್ಗೆ ಸುಮಿತ್ರಾ ಡಬ್ಬಿ ಕಟ್ಟಿಕೊಡುತ್ತ ಕೇಳಿದಳು: "ಆ ಸಲಿಕಿ ತೊಳದಾಕೀದ ಇವತ್ತ ಅಲ್ಲೇನ್ರಿ?" ಅವಳಿಗೆ ನೆನಪಿತ್ತು. ನಾನು ಹೂಂ ಅಂದೆ. "ಈ ಸಲ ಕೋರ್ಟಿನ್ಯಾಗ ಹೇಳ್ರಿ. ನನಗ ಹೇಳಿ ಏನ್ ಉಪಯೋಗದ?"

ಈಗ ಕುರ್ಚಿಯಲ್ಲಿದ್ದವರು ಹೊಸ ನ್ಯಾಯಾಧೀಶೆ. ಹೆಚ್ಚು ಮಾತಿಲ್ಲ, ಕಾಗದ ಪೂರ್ತಿ ಓದಿಯೇ ಕೂಡುವವರು. ಮೊದಲ ಪ್ರಶ್ನೆಯೇ, "ಹಿಂದೆ ದುಭಾಷಿ ಯಾರಿದ್ದರು?" ನಾನು ಎದ್ದು ನಿಂತೆ. ಅವರು ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ಹಾಗಾದರೆ ಇವತ್ತು ನೀವು ಬೇಡ" ಅಂದರು.

ಕಾನೂನು ನೆರವಿನವರು ಶ್ರುತಿ ಎಂಬ ಹುಡುಗಿಯನ್ನು ಕರೆತಂದಿದ್ದರು. ಹಡಪಸರದ ಐಟಿ ಕಂಪನಿಯೊಂದರ ಇಂಜಿನಿಯರ್, ಬೆಂಗಳೂರಿನವಳು, ಬಿಡುವಿನಲ್ಲಿ ಇಂಥ ಸೇವೆ ಮಾಡುತ್ತಿದ್ದಳು. ಮೇಡಂ ಪ್ರಶ್ನೆ ಕೇಳಿದರು, ನಿಂಗಮ್ಮ ಹೇಳತೊಡಗಿದಳು. ನಾಲ್ಕು ಮಾತಿಗೇ ಶ್ರುತಿ ಕೈ ಎತ್ತಿದಳು. "ಸಾರಿ ಮೇಡಂ, ಇವರ ಕನ್ನಡ ನನಗೆ ಫುಲ್ ಅರ್ಥ ಆಗ್ತಿಲ್ಲ. ಡೌಟ್ ಇಟ್ಕೊಂಡು ಹೇಳಲ್ಲ, ಇನ್ನೊಂದ್ ಸಲ ಕೇಳ್ಲಾ?" ಎಂದು ಕನ್ನಡದಲ್ಲಿ ಅಂದು, ನಾಲಿಗೆ ಕಚ್ಚಿ, ಅದನ್ನೇ ಇಂಗ್ಲಿಷಿನಲ್ಲಿ ಹೇಳಿದಳು. ಮೇಡಂ ತಲೆ ಆಡಿಸಿದರು.

ಶ್ರುತಿ ಕಟಕಟೆಯ ಹತ್ತಿರ ಹೋದಳು. "ಅಕ್ಕ, ನಿಧಾನಕ್ಕೆ ಹೇಳಿ. ಏನನ್ನ ತೊಳೆದ್ರಿ? ಯಾಕೆ ತೊಳೆದ್ರಿ?" ಒಂದೊಂದು ಮಾತಿಗೂ ನಿಲ್ಲಿಸಿದಳು, ಮತ್ತೆ ಕೇಳಿದಳು, ನಾನು ಅಂದುಕೊಂಡದ್ದು ಇದು, ಸರಿಯಾ ಎಂದು ತಿರುಗಿ ಹೇಳಿ ತೋರಿಸಿದಳು. ಅರ್ಧ ಗಂಟೆ ಹಿಡಿಯಿತು. ಕೋರ್ಟೇನೂ ಮುಳುಗಲಿಲ್ಲ. ನನಗೆ ನಿಂಗಮ್ಮನ ಭಾಷೆ ತಾಯಿಯ ಭಾಷೆ, ಒಂದು ಅಕ್ಷರವೂ ತೊಡಕಿಲ್ಲ, ಆದರೆ ಮೂವತ್ತು ವರ್ಷದಲ್ಲಿ ಒಬ್ಬ ಆರೋಪಿಗೂ ನಾನು ಇನ್ನೊಮ್ಮೆ ಹೇಳು ಅಂದಿರಲಿಲ್ಲ. ಆ ಹುಡುಗಿಯನ್ನು ನೋಡುತ್ತ ಕೂತ ನನಗೆ ಕುರ್ಚಿ ಚುಚ್ಚುತ್ತಿತ್ತು.

ಸಲಿಕೆ, ಮುಕಾದಮನ ಬೈಗುಳ, ಎರಡು ಕೊಡ ನೀರು, ತುಳಿಯಬಾರದ ರಕ್ತ. ಅವೇ ಮಾತುಗಳು, ಹೆಚ್ಚು ಕಡಿಮೆ ಅದೇ ಕ್ರಮದಲ್ಲಿ ಬಂದವು.

ಸರ್ಕಾರಿ ವಕೀಲರು ಎದ್ದರು. ಕೆಟ್ಟ ಮನುಷ್ಯರಲ್ಲ, ತಮ್ಮ ಕೆಲಸ ಮಾಡಿದರು. ಇದು ಆಮೇಲೆ ಹೊಳೆದ ಕಥೆ ಎಂದರು. ವಿಚಾರಣೆಯಲ್ಲಿ ಹೇಳಲಿಲ್ಲ, ಹಿಂದಿನ ಸಲ ಶಿಕ್ಷೆಯ ಬಗ್ಗೆ ಕೇಳಿದಾಗಲೂ ಹೇಳಲಿಲ್ಲ, ಸುಮಾರು ಐದು ವರ್ಷ ಜೈಲಿನಲ್ಲಿ ಕೂತು ಯಾರೋ ಕಲಿಸಿಕೊಟ್ಟಿದ್ದಾರೆ, ಇದರ ಮೇಲೆ ದಯೆ ತೋರಿಸಬಾರದು, ಏಳು ವರ್ಷವೇ ಇರಲಿ. ಅವರ ಮಾತನ್ನು ಶ್ರುತಿ ನಿಂಗಮ್ಮನಿಗೆ ತಿಳಿಸಿದಳು.

ನಿಂಗಮ್ಮ ಸಿಟ್ಟಾಗಲಿಲ್ಲ. ಕೈ ಎತ್ತಿ ನನ್ನ ಕಡೆ ತೋರಿಸಿದಳು. "ಹೇಳೀನ್ರಿ. ಅಗೋ, ಆ ಸಾಹೇಬ್ರಿಗಿ ಹೇಳೀನಿ. ಅವ್ರಿಗಿ ಗೊತ್ತದರಿ."

ಶ್ರುತಿ ಅದನ್ನೂ ಇಂಗ್ಲಿಷಿಗೆ ತಂದಳು. ಎಲ್ಲರೂ ನನ್ನ ಕಡೆ ತಿರುಗಿದರು. ನನ್ನ ನಿವೃತ್ತಿಗೆ ಎಂಟು ತಿಂಗಳಿತ್ತು. ನೆನಪಿಲ್ಲ ಎಂದಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ವರ್ಷಕ್ಕೆ ಸಾವಿರ ಜನರ ಮುಖ ನೋಡುವ ಕ್ಲರ್ಕಿಗೆ ಮರೆವು ಸಹಜ. ಆ ಮಾತು ನಾಲಿಗೆಯ ತುದಿಗೆ ಬಂದೂ ಇತ್ತು. ನಾನು ಒಳ್ಳೆಯವನೆಂದು ಅದನ್ನು ನುಂಗಲಿಲ್ಲ. ಬೆಳಿಗ್ಗೆ ಡಬ್ಬಿ ಕಟ್ಟಿದವಳಿಗೆ ಸಂಜೆ ಮುಖ ತೋರಿಸಬೇಕಿತ್ತು.

ಮೇಡಂ ಮರಾಠಿಯಲ್ಲಿ ಕೇಳಿದರು: "ಗಲಗಲಿ, ಆಗ ಈಕೆ ಇದನ್ನು ಹೇಳಿದ್ದಳೇ?"

"ಹೌದು ಮೇಡಂ," ಅಂದೆ. "ಎಲ್ಲ ಹೇಳಿದ್ದಳು. ಸಲಿಕೆಯ ಮಾತು, ನೀರಿನ ಮಾತು, ಎಲ್ಲ. ನಾನು ಸಾಹೇಬರಿಗೆ ಹೇಳಲಿಲ್ಲ. ಮಕ್ಕಳಿದ್ದಾರೆ ಅಂತ ಆಕೆ ಹೇಳಿರಲಿಲ್ಲ. ಅದು ನಾನು ಹೇಳಿದ್ದು."

ಮೇಡಂ ಪೆನ್ನು ಕೆಳಗಿಟ್ಟರು. ಬೈಯುತ್ತಾರೆ ಅಂದುಕೊಂಡೆ. "ರೋಜನಾಮೆಯಲ್ಲಿ ತೆಗೆದುಕೊಳ್ಳಿ," ಅಂದರು. ರೋಜನಾಮೆ ಬರೆಯುವವನು ನಾನೇ. ನನ್ನ ತಪ್ಪನ್ನು ನನ್ನ ಕೈಯಾರೆ, ನನ್ನ ಹೆಸರು ಹಾಕಿ, ನಾಲ್ಕು ಸಾಲಿನಲ್ಲಿ ಬರೆದೆ. ನನ್ನ ನೌಕರಿಯಲ್ಲಿ ಅಷ್ಟು ನಿಧಾನವಾಗಿ ಬೇರೆ ಯಾವುದನ್ನೂ ಬರೆದಿಲ್ಲ. ಬರೆದದ್ದನ್ನು ಮೇಲೆ ಕೊಟ್ಟೆ, ಅವರು ಓದಿ ಸಹಿ ಹಾಕಿದರು.

ಮಧ್ಯಾಹ್ನದ ಮೇಲೆ ಆದೇಶ ಬಂತು. ಅಪರಾಧವನ್ನು ತಾವು ಮುಟ್ಟುವಂತಿಲ್ಲ, ಅದು ಮೇಲಿನ ಕೋರ್ಟಿನಲ್ಲಿ ಸ್ಥಿರವಾಗಿದೆ, ಆದರೆ ಆಕೆ ಮೊದಲ ಅವಕಾಶದಲ್ಲೇ ಕಾರಣ ಹೇಳಿದ್ದಳೆಂದು ಈಗ ದಾಖಲೆಯಿದೆ. ಈವರೆಗೆ ಒಳಗೆ ಕಳೆದಷ್ಟೇ ಶಿಕ್ಷೆ, ಬೇರೆ ಕೇಸಿಲ್ಲದಿದ್ದರೆ ಬಿಡುಗಡೆ. ನನಗೆ ಮುಂದೆ ಮೆಮೊ ಬಂತು, ಉತ್ತರ ಕೊಟ್ಟೆ, ಸರ್ವಿಸ್ ಪುಸ್ತಕದಲ್ಲಿ ಒಂದು ಕೆಂಪು ಗುರುತಿನೊಂದಿಗೆ ನಿವೃತ್ತನಾದೆ. ಬೀಳ್ಕೊಡುಗೆಯಲ್ಲಿ ಎಲ್ಲರೂ ನನ್ನ ಅರಿಸಿನ ಚೀಲದ ಕಥೆ ಹೇಳಿ ನಕ್ಕರು. ಇದನ್ನು ಯಾರೂ ಎತ್ತಲಿಲ್ಲ.

ಒಂದು ಲೆಕ್ಕವನ್ನು ನಾನು ಮನಸ್ಸಿನಲ್ಲಿ ಹಲವು ಸಲ ಹಾಕಿದ್ದೇನೆ. ಅವತ್ತು ನಾನು ಸರಿಯಾಗಿ ಹೇಳಿದ್ದರೂ ಕೊಲೆಯ ಜೀವಾವಧಿ ಇದ್ದೇ ಇತ್ತು, ಆಕೆ ಜೈಲಿಗೆ ಹೋಗಲೇಬೇಕಿತ್ತು. ಇದರಿಂದ ಸ್ವಲ್ಪ ಸಮಾಧಾನವಾಗುತ್ತದೆ. ಆಗ ಮೇಲ್ಮನವಿ ನಡೆಸಿದ ಆ ವಕೀಲೆಯ ಮಾತು ನೆನಪಾಗುತ್ತದೆ. "ಆ ನಾಲ್ಕು ಮಾತು ಕಾಗದದ ಮೇಲೆ ಇದ್ದಿದ್ದರೆ ನಾನು ಜಾಮೀನು ತರುತ್ತಿದ್ದೆ, ಬಹುಶಃ ಆ ಅಪರಾಧವೂ ನಿಲ್ಲುತ್ತಿರಲಿಲ್ಲ" ಎಂದು ಆಕೆ ಆಮೇಲೊಮ್ಮೆ ನಮ್ಮ ಕೋರ್ಟಿಗೆ ಬಂದಾಗ ನನ್ನ ಮುಖಕ್ಕೇ ಹೇಳಿದ್ದಳು. ಆಮೇಲೆ ಸಮಾಧಾನ ಉಳಿಯುವುದಿಲ್ಲ.

ಬಿಡುಗಡೆ ಆಗುವುದು ಜೈಲಿನಿಂದಲೇ. ಆದೇಶ ಬಂದ ದಿನ ಅಲ್ಲಿಗೆ ಕಳಿಸುವ ವಾರೆಂಟ್ ತಯಾರಾಗುವವರೆಗೆ ನಿಂಗಮ್ಮನನ್ನು ವರಾಂಡದ ಬೆಂಚಿನ ಮೇಲೆ ಕೂರಿಸಿದ್ದರು, ಪಕ್ಕದಲ್ಲಿ ಮಹಿಳಾ ಪೊಲೀಸ್. ಆದೇಶದ ಪ್ರತಿಯನ್ನು ಕೊಡಲು ನಾನೇ ಹೋದೆ. ಅದು ಇಂಗ್ಲಿಷಿನಲ್ಲಿತ್ತು. ಆಕೆ ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿ ನನಗೇ ಮರಳಿ ಕೊಟ್ಟಳು. "ಓದಿ ಹೇಳ್ರಿ."

ಬೆಂಚಿನ ತುದಿಗೆ ಕೂತು ಕನ್ನಡದಲ್ಲಿ ಓದಿ ಹೇಳಿದೆ, ಒಂದು ಸಾಲೂ ಬಿಡಲಿಲ್ಲ. ನೀರಿನ ಮಾತು ಬಂದಾಗ ನಿಲ್ಲಿಸಿದಳು. "ಎರಡ ಕೊಡ ಅಂತ ಅದನಾ?" ಎಂದು ಕೇಳಿದಳು. ಅದ ಅಂದೆ. ಮುಗಿದ ಮೇಲೆ ಕಾಗದ ಮಡಚಿ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

"ತಪ್ಪ ನಂದವಾ," ಅಂದೆ. ಅಷ್ಟೇ ಬಾಯಿಗೆ ಬಂದದ್ದು.

ಆಕೆ ಅಂಗಳದಲ್ಲಿ ನಿಂತ ವ್ಯಾನಿನ ಕಡೆ ನೋಡಿದಳು. ಆಮೇಲೆ ದನಿ ಇಳಿಸಿ, ಪೊಲೀಸಿನವಳಿಗೆ ಕೇಳದ ಹಾಗೆ, ನಿಜವಾಗಿ ತಿಳಿದುಕೊಳ್ಳಬೇಕೆಂಬಂತೆ ಕೇಳಿದಳು.

"ಯಪ್ಪಾ, ನನಗ ಮಕ್ಕಳವ ಅಂತ ಬರಿಸಿದ್ರಂತಲ್ರಿ. ಎಷ್ಟ ಬರಿಸಿದ್ರಿ?"

ಆ ಸಾಲಿನಲ್ಲಿ ಲೆಕ್ಕವಿರಲಿಲ್ಲ. ಎಷ್ಟು, ಗಂಡೋ ಹೆಣ್ಣೋ ಎಂದು ಪಾಠಕರೂ ಬರೆದಿರಲಿಲ್ಲ, ನಾನೂ ಕೇಳಿರಲಿಲ್ಲ. "ಎಷ್ಟಂತ ಬರಿಸಿದ್ದಿಲ್ಲವಾ," ಅಂದೆ. ನಿಂಗಮ್ಮ ತಲೆ ಆಡಿಸಿದಳು. ಅಷ್ಟರಲ್ಲಿ ವ್ಯಾನಿನವ ಕೂಗಿದ, ಪೊಲೀಸಿನವಳು ಎದ್ದಳು, ಆಕೆಯೂ ಸೆರಗಿನ ಗಂಟು ಹಿಡಿದುಕೊಂಡು ಮೆಟ್ಟಿಲು ಇಳಿದು ಹೋದಳು. ನಾನು ಒಳಗೆ ಹೋಗಿ ಕಂಪ್ಯೂಟರಿನಲ್ಲಿ ಆ ಸಾಲನ್ನು ಹುಡುಕಿ ಅಳಿಸಿದೆ. ನಿಮ್ಮ ಮೇಜಿನ ಯಂತ್ರದಲ್ಲಿ ಅದು ಇನ್ನೂ ಇರಬಹುದು, ಒಮ್ಮೆ ನೋಡಿಕೊಳ್ಳಿ.